ಆಗದೇ ಹೋದ ಅಪಘಾತಕ್ಕೆ ಲೆಕ್ಕ ಬರೆಯುವುದು ಹೇಗೆ?

ಬೆಳಿಗ್ಗೆ ಎದ್ದ ಕೂಡಲೇ ಬಚ್ಚಲಲ್ಲಿ ಚೆಲ್ಲಿದ ನೀರು ಒರೆಸುತ್ತೀರಿ. ಫಿನಾಯಿಲ್ ಬಾಟಲು ಮಗುವಿನ ಕೈಗೆ ಸಿಗದಂತೆ ಮೇಲಿನ ಗೂಡಿಗೆ ಸೇರಿಸುತ್ತೀರಿ. ರಾತ್ರಿ ಮಲಗುವ ಮುಂಚೆ ಗ್ಯಾಸ್ ಆರಿಸಿದೆಯೋ ಇಲ್ಲವೋ ಎಂದು ಇನ್ನೊಮ್ಮೆ ನೋಡುತ್ತೀರಿ. ಇಷ್ಟೆಲ್ಲ ಮಾಡಿಯೂ, "ಇವತ್ತು ಏನು ಮಾಡಿದಿರಿ?" ಎಂದು ಯಾರಾದರೂ ಕೇಳಿದರೆ ನಿಮ್ಮ ಉತ್ತರ ಏನು ಹೇಳಿ? "ಅಯ್ಯೋ, ಏನಿಲ್ಲ ಬಿಡಿ!" ಯಾರೂ ಜಾರಿ ಬೀಳಲಿಲ್ಲ, ಯಾರ ಕೈಯೂ ಸುಡಲಿಲ್ಲ. ಆಗದೇ ಇದ್ದದ್ದನ್ನು ತೋರಿಸುವುದಾದರೂ ಹೇಗೆ?

ಕಾರ್ಖಾನೆಯಲ್ಲಿ ಇದೇ ಬಗೆಯ ಎಚ್ಚರವನ್ನು ಸಂಬಳಕ್ಕೆ ಮಾಡುವವರು ಸೇಫ್ಟಿ ಆಫೀಸರ್. ನನ್ನ ಸೊಸೆ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಆರು ವರ್ಷ ಆ ಕೆಲಸದಲ್ಲಿದ್ದಳು. ಮೊಮ್ಮಗಳು ಹುಟ್ಟಿದಾಗ ಬಿಟ್ಟಳು. ಈಗ ಮಗು ಶಾಲೆಗೆ ಹೋಗುತ್ತಿದೆ, ಮನೆ ಸಾಲದ ಕಂತು ಮಾತ್ರ ತಿಂಗಳು ತಿಂಗಳೂ ಬಾಗಿಲಲ್ಲಿ ನಿಂತಿರುತ್ತದೆ. ಮತ್ತೆ ಕೆಲಸ ಬೇಕು. ಅರ್ಜಿ ಬರೆದು ಅಂಚೆಗೆ ಹಾಕಿ ಕೂತರೆ ಈಗ ನಡೆಯುವುದಿಲ್ಲ. ಕೆಲಸ ಕೊಡುವವರು ಲಿಂಕ್ಡ್‌ಇನ್ ಎಂಬ ಜಾಲತಾಣದಲ್ಲಿ ಹುಡುಕುತ್ತಾರೆ. ಅಲ್ಲಿ ನಮ್ಮ ವಿವರ ಬರೆದಿಡುವ ಪುಟಕ್ಕೆ ಪ್ರೊಫೈಲ್ ಎನ್ನುತ್ತಾರೆ.

ಸೊಸೆಯ ಪ್ರೊಫೈಲ್ ನೋಡಿದೆ. ಮದುವೆಯ ಫೋಟೋದಿಂದ ಕತ್ತರಿಸಿದ ಮುಖ, ಕೆಳಗೆ "ಕೆಲಸ ಹುಡುಕುತ್ತಿದ್ದೇನೆ", ಆಮೇಲೆ "ಸುರಕ್ಷತೆಯ ಜವಾಬ್ದಾರಿ ನೋಡಿಕೊಂಡಿದ್ದೆ". ಅಷ್ಟೇ! "ಐದು ವರ್ಷ ಮನೇಲಿದ್ದೋಳನ್ನ ಯಾರು ಕೇಳ್ತಾರೆ ಅತ್ತೆ?" ಎಂದಳು. ನನಗೆ ಕಂಪ್ಯೂಟರ್ ಅಷ್ಟಾಗಿ ಬಾರದು. ಆದರೆ ಪ್ರಶ್ನೆ ಕೇಳಲು ಬರುತ್ತದಲ್ಲ! ನಾಲ್ಕು ಸಂಜೆ ಅವರೆಕಾಯಿ ಬಿಡಿಸುತ್ತಾ ಅವಳನ್ನು ಕೇಳಿದೆ. ಅವಳು ಕನ್ನಡದಲ್ಲಿ ಹೇಳಿದಳು, ಆಮೇಲೆ ಇಂಗ್ಲಿಷಿನಲ್ಲಿ ಬರೆದುಕೊಂಡಳು.

ಮೊದಲು ಹೆಸರಿನ ಕೆಳಗಿನ ಸಾಲು. ಅದಕ್ಕೆ 220 ಅಕ್ಷರಗಳವರೆಗೆ ಜಾಗವಿದೆ. ಹುಡುಕುವವರು "ಕೆಲಸ ಬೇಕಾದವರು" ಎಂದು ಹುಡುಕುವುದಿಲ್ಲ, "ಸೇಫ್ಟಿ ಆಫೀಸರ್", "ಫೈರ್ ಸೇಫ್ಟಿ", "ಪರ್ಮಿಟ್ ಟು ವರ್ಕ್" ಎಂದು ಹುಡುಕುತ್ತಾರೆ. ಆದ್ದರಿಂದ ಹುದ್ದೆ, ಯಾವ ಬಗೆಯ ಕಾರ್ಖಾನೆ, ಯಾವುದರಲ್ಲಿ ಕೈ ಪಳಗಿದೆ, ಇಷ್ಟು ಅಲ್ಲಿರಲಿ.

ಎರಡನೆಯದು ಅನುಭವ. ಇಲ್ಲಿಯೇ ನೋಡಿ ಎಲ್ಲರೂ ಎಡವುವುದು. "ಜವಾಬ್ದಾರಿ ನೋಡಿಕೊಂಡೆ" ಎಂದರೆ ಯಾರಿಗೆ ಏನು ತಿಳಿದೀತು? ಕಂಡದ್ದೇನು, ಮಾಡಿದ್ದೇನು, ಆಮೇಲೆ ಬದಲಾದದ್ದೇನು, ಈ ಮೂರನ್ನೂ ಬರೆಯಬೇಕು. ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡುವ ದಾರಿಯಲ್ಲೇ ಜನರೂ ನಡೆಯುತ್ತಿದ್ದರಂತೆ. ಇವಳು ಹಟ ಹಿಡಿದು ನಡುವೆ ಕಂಬಿ ಹಾಕಿಸಿದಳಂತೆ. "ಇದನ್ನೂ ಬರೀಬೇಕಾ ಅತ್ತೆ?" ಎಂದಳು. ಬರೀಬೇಕಮ್ಮ, ಅದೇ ನಿನ್ನ ಕೆಲಸ!

ಇನ್ನೊಂದು ಮಾತು ನನಗೇ ಹೊಸದು. ಸ್ವಲ್ಪದರಲ್ಲಿ ತಪ್ಪಿದ ಅಪಾಯಕ್ಕೆ ಅವರು ನಿಯರ್ ಮಿಸ್ ಎನ್ನುತ್ತಾರೆ. ತರಬೇತಿ ಕೊಟ್ಟ ಮೇಲೆ ಇಂಥ ವರದಿಗಳು ಹೆಚ್ಚಾದರೆ ಅದು ಕೆಟ್ಟ ಸುದ್ದಿಯೇ ಆಗಬೇಕಿಲ್ಲ. ಕಾರ್ಮಿಕರು ಬೈಗುಳಕ್ಕೆ ಹೆದರದೆ ಬಂದು ಹೇಳತೊಡಗಿದ್ದಾರೆ ಎಂದೂ ಅರ್ಥವಿರಬಹುದು. ಬಲ್ಲವರು ಅದನ್ನು ಓದಿದರೆ ಅಲ್ಲಿಯೇ ನಿಲ್ಲುತ್ತಾರೆ.

ಮೂರನೆಯದು ನಡುವಿನ ಐದು ವರ್ಷ. ಮುಚ್ಚಿಡಬೇಡಿ. ಕೆಲಸಕ್ಕೆ ವಿರಾಮ ಕೊಟ್ಟಿದ್ದನ್ನು ಸೇರಿಸಲು ಲಿಂಕ್ಡ್‌ಇನ್‌ನಲ್ಲೇ ಪ್ರತ್ಯೇಕ ಜಾಗವಿದೆ. ಮಗು ಸಾಕಿದೆ ಎಂದು ಬರೆಯಲು ನಾಚಿಕೆ ಏಕೆ? ಆ ನಡುವೆ ಪ್ರಥಮ ಚಿಕಿತ್ಸೆಯ ತರಬೇತಿಯೋ, ಹೊಸ ಕಾನೂನಿನ ಓದೋ ಆಗಿದ್ದರೆ ವರ್ಷದ ಸಮೇತ ಸೇರಿಸಿ. ಇಲ್ಲದ ಸರ್ಟಿಫಿಕೇಟನ್ನು ಮಾತ್ರ ಬರೆಯಬೇಡಿ. ಜೀವ ಕಾಯುವ ಕೆಲಸದಲ್ಲಿ ಸುಳ್ಳು ಸಲ್ಲದು.

ಕಾನೂನು ಎಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. 1984ರ ಡಿಸೆಂಬರಿನಲ್ಲಿ ಭೋಪಾಲದ ವಿಷಾನಿಲ ಸಾವಿರಾರು ಜನರನ್ನು ಕೊಂದಮೇಲೆ, 1987ರಲ್ಲಿ ಕಾರ್ಖಾನೆ ಕಾಯ್ದೆಯನ್ನು ಬಿಗಿ ಮಾಡಿದರು. ಆ ಕಾಯ್ದೆಯ ಪ್ರಕಾರ ಸಾವಿರ ಕಾರ್ಮಿಕರಿರುವ ಕಾರ್ಖಾನೆಗೆ ಸುರಕ್ಷತಾ ಅಧಿಕಾರಿ ಬೇಕಿತ್ತು. ಅಪಾಯದ ಕೆಲಸವಿದ್ದ ಕಡೆಗಳಲ್ಲಿ ಅದಕ್ಕಿಂತ ಕಡಿಮೆ ಜನರಿದ್ದರೂ ಸರ್ಕಾರ ನೇಮಿಸಲು ಹೇಳಬಹುದಿತ್ತು. 2020ರಲ್ಲಿ ಸಂಸತ್ತು ಒಪ್ಪಿದ ಹೊಸ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಅದರಲ್ಲಿ ಈ ಸಂಖ್ಯೆ 500ಕ್ಕೆ ಇಳಿದಿದೆ. ಅಪಾಯಕಾರಿ ಕೆಲಸದ ಕಾರ್ಖಾನೆಗೂ ಕಟ್ಟಡ ಕಾಮಗಾರಿಗೂ 250. ಅಂದರೆ ಈ ಕೆಲಸ ಬಲ್ಲವರ ಅಗತ್ಯ ಹೆಚ್ಚಬೇಕು ಎಂದಾಯಿತಲ್ಲ.

ನಾಲ್ಕನೆಯದು ಶಿಫಾರಸು. ದೊಡ್ಡ ಸಾಹೇಬರದೇ ಆಗಬೇಕಿಲ್ಲ. ಜೊತೆಯಲ್ಲಿ ದುಡಿದ ಶಿಫ್ಟ್ ಸೂಪರ್‌ವೈಸರ್ ನಾಲ್ಕು ಸಾಲು ಬರೆದುಕೊಟ್ಟರೆ ಅದಕ್ಕೆ ಬೆಲೆಯಿದೆ. ನಮ್ಮವಳಿಗೆ ಒಬ್ಬರು ಬರೆದರು: "ಇವರು ಬೇಡ ಎಂದ ದಿನ ಟ್ಯಾಂಕಿನೊಳಗೆ ನಾವು ಯಾರನ್ನೂ ಇಳಿಸುತ್ತಿರಲಿಲ್ಲ." ಓದಿ ಅವಳು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದಳು.

ಎಚ್ಚರಿಕೆಯ ಮಾತೂ ಇದೆ. ಮನೆ ವಿಳಾಸ, ಹುಟ್ಟಿದ ದಿನ ಎಲ್ಲರಿಗೂ ಕಾಣುವಂತೆ ಹಾಕಬೇಡಿ. ಗಾಯಗೊಂಡವರ ಹೆಸರು, ಹಳೆಯ ಕಾರ್ಖಾನೆಯ ಒಳಗುಟ್ಟು ಬೇಡವೇ ಬೇಡ. ಕೆಲಸ ಕೊಡಿಸುತ್ತೇವೆ, ಮೊದಲು ಹಣ ಕಟ್ಟಿ ಎಂದವರನ್ನು ಅಲ್ಲಿಂದಲೇ ಸಾಗಹಾಕಿ.

ಕೆಲಸ ಸಿಕ್ಕಿತೇ ಎಂದು ಕೇಳುತ್ತೀರಿ ಅಲ್ಲವೇ? ಇನ್ನೂ ಇಲ್ಲ. ಎರಡು ಕಡೆಯಿಂದ ಕರೆ ಬಂದಿದೆ. ಒಂದು ಕಡೆ ಆ ಕಂಬಿಯ ವಿಷಯವನ್ನೇ ಅರ್ಧ ಗಂಟೆ ಕೇಳಿದರಂತೆ. ಐದು ವರ್ಷದ ಮಾತು ಒಂದೇ ನಿಮಿಷದಲ್ಲಿ ಮುಗಿಯಿತಂತೆ.

ನಿಮ್ಮ ಮನೆಯಲ್ಲೂ ಇಂಥ ಮಗಳೋ, ಸೊಸೆಯೋ, ತಂಗಿಯೋ ಇದ್ದರೆ ಇಂದು ಸಂಜೆಯೇ ಪಕ್ಕದಲ್ಲಿ ಕೂತು ಕೇಳಿ: "ನೀನು ಅಲ್ಲಿರದಿದ್ದರೆ ಏನಾಗುತ್ತಿತ್ತು?" ಅವಳು ಹೇಳುತ್ತಾ ಹೋಗಲಿ. ಪೆನ್ನು ಕಾಗದ ಕೈಯಲ್ಲಿರಲಿ.