ಗಾಡಿ ಮಾತು 7: ‘ಲೈಫ್‌ಟೈಮ್’ ಅಂದ್ರೆ ಯಾರ ಲೈಫು?

ಎಡಗಾಲಿನ ಮಂಡಿ ಆಪರೇಷನ್ ಆದ್ಮೇಲೆ ಅಪ್ಪಂಗೆ ಕ್ಲಚ್ ತುಳಿಯೋಕಾಗಲ್ಲ. ಅದಕ್ಕೇ ನಮ್ಮನೆಗೆ ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ಕಾರು ಬಂತು. ಶೆಟ್ಟಿಹಳ್ಳಿಯಿಂದ ಹಾಸನ, ಆಗಾಗ ಶಿರಾಡಿ ಇಳಿದು ಮಂಗಳೂರು. ಅವರ ಓಡಾಟವೆಲ್ಲ ಆ ಗೇರ್‌ಬಾಕ್ಸ್ ಮೇಲೇ ನಿಂತಿದೆ.

“ಇದರ ಆಯಿಲ್ ಲೈಫ್‌ಟೈಮು, ಮುಟ್ಟಲೇಬೇಡಿ” ಅಂತಾರೆ ಕೆಲವರು. ಯಾರ ಲೈಫು ಅಂತ ಕೇಳ್ಬೇಕಲ್ವಾ?

ನಮ್ಮದು ಟಾರ್ಕ್ ಕನ್ವರ್ಟರ್ ಗಾಡಿ. ಎಂಜಿನ್ ಶಕ್ತಿನ ಗೇರ್‌ಬಾಕ್ಸಿಗೆ ದಾಟಿಸೋದೇ ಎಟಿಎಫ್ ಅನ್ನೋ ಆಯಿಲ್. ಒಳಗಿನ ಕ್ಲಚ್ ಒತ್ತೋದು, ಬಿಸಿನ ಹೊರಗೆ ಸಾಗಿಸೋದೂ ಅದೇ. ಘಾಟಿ ಹತ್ತುವಾಗ ಲಾರಿ ಹಿಂದೆ ತೆವಳಿದ್ರೆ ಅದು ಜೋರಾಗಿ ಕಾಯುತ್ತೆ. ಕಾದು ಕಾದು ಸತ್ವ ಕಳ್ಕೊಳ್ಳುತ್ತೆ. ಕೆಂಪಗಿದ್ದದ್ದು ಕಂದಾಗುತ್ತೆ. ಸುಟ್ಟ ವಾಸನೆ ಬಂದ್ರೆ ಕಾಯೋದು ಬೇಡ, ತೋರಿಸಿ.

ಮ್ಯಾನ್ಯುಯಲ್ಲಲ್ಲಿ ‘ಸಿವಿಯರ್ ಯೂಸ್’ ಅಂತ ಇದ್ರೆ ಅದನ್ನ ಓದಿ. ಘಟ್ಟ, ಧೂಳು, ಭಾರ... ನಮ್ಮ ಕಡೆ ಓಡಾಟ ಅಲ್ಲೇ ಬರುತ್ತೆ.

ಒಂದ್ಸಲ ಡ್ರೈನ್ ಮಾಡಿದ್ರೆ ಪೂರ್ತಿ ಆಯಿಲ್ ಬರಲ್ಲ, ಕನ್ವರ್ಟರ್ ಒಳಗೆ ಒಂದಷ್ಟು ಉಳಿಯುತ್ತೆ. ಬಂದಷ್ಟನ್ನ ಅಳೆದು, ಅಷ್ಟೇ ಹಾಕಿ, ಮ್ಯಾನ್ಯುಯಲ್ ಹೇಳೋ ಬಿಸಿಯಲ್ಲಿ ಲೆವೆಲ್ ನೋಡ್ಬೇಕು.

ಹುಷಾರು: ಸಿವಿಟಿಗೆ ಅದರದ್ದೇ ಬೇರೆ ಆಯಿಲ್. 2014ರಲ್ಲಿ ಸೆಲೆರಿಯೋ ಜೊತೆ ಬಂದ ಎಎಂಟಿ ಒಳಗಿರೋದು ಮಾಮೂಲಿ ಗೇರ್‌ಬಾಕ್ಸೇ, ಅದಕ್ಕೆ ಗೇರ್ ಆಯಿಲ್.

ಆಯಿಲ್ ಖರ್ಚು ಸಾವಿರಗಳಲ್ಲಿ. ಗೇರ್‌ಬಾಕ್ಸ್ ಹೋದ್ರೆ ಲಕ್ಷದ ಮಾತು. ನಿಮ್ಮನೇದು ಯಾವ ಗೇರ್‌ಬಾಕ್ಸು? ಮ್ಯಾನ್ಯುಯಲ್ ತೆಗೆದು ನೋಡಿ, ಕಾಮೆಂಟಲ್ಲಿ ಹಾಕಿ.

#ಗಾಡಿಮಾತು #ಶೆಟ್ಟಿಹಳ್ಳಿ #ಹಾಸನ