ಆರ್ಮ್‌ಸ್ಟ್ರಾಂಗ್‌ನ ಟ್ರಂಪೆಟ್ ಎಲ್ಲಿ ಹೋಯಿತು?

1967ರ ಆಗಸ್ಟ್ 16. ಲಾಸ್ ವೇಗಸ್ ನಗರದ ಒಂದು ರೆಕಾರ್ಡಿಂಗ್ ಸ್ಟುಡಿಯೊ. ರಾತ್ರಿ ಎರಡು ಗಂಟೆ ದಾಟಿದೆ. ಗೋಡೆಗೆ ಒರಗಿ ನಿಂತುಬಿಡಿ, ಇಲ್ಲಿ ನಿಮ್ಮನ್ನು ಯಾರೂ ಗಮನಿಸುವುದಿಲ್ಲ. ಮೈಕಿನ ಮುಂದಿರುವವನು 66 ವರ್ಷದ ಲೂಯಿ ಆರ್ಮ್‌ಸ್ಟ್ರಾಂಗ್. ಟ್ರಾಪಿಕಾನಾ ಹೋಟೆಲಿನಲ್ಲಿ ನಡುರಾತ್ರಿಯ ಕಾರ್ಯಕ್ರಮ ಮುಗಿಸಿ ಬಂದಿದ್ದಾನೆ. ಬೆನ್ನ ಹಿಂದೆ ಪಿಟೀಲುಗಳ ಸಾಲು. ವಾದ್ಯಸಂಯೋಜನೆ ಮಾಡಿದ ಆರ್ಟಿ ಬಟ್ಲರ್ ಕೈ ಎತ್ತುತ್ತಾನೆ, ಟೇಪು ತಿರುಗತೊಡಗುತ್ತದೆ.

ಅರ್ಧ ಹಾಡಿಗೆ ಹೊರಗೆಲ್ಲೋ ಗೂಡ್ಸ್ ರೈಲು ಕೂಗುತ್ತದೆ. ಟೇಪು ನಿಲ್ಲಿಸಿ ಮತ್ತೆ ಮೊದಲಿಂದ. ಸ್ವಲ್ಪ ಹೊತ್ತಿಗೆ ಇನ್ನೊಂದು ಕೂಗು. ಬೇರೆಯವರಾಗಿದ್ದರೆ ರೇಗುತ್ತಿದ್ದರು, ಆರ್ಮ್‌ಸ್ಟ್ರಾಂಗ್ ನಕ್ಕುಬಿಡುತ್ತಾನೆ.

ಬಾಗಿಲ ಆಚೆಗೂ ಒಂದು ಗಲಾಟೆ ನಡೆದಿದೆ. ಎಬಿಸಿ ರೆಕಾರ್ಡ್ಸ್ ಕಂಪನಿಯ ಅಧ್ಯಕ್ಷ ಲ್ಯಾರಿ ನ್ಯೂಟನ್ ಬಂದದ್ದು ಫೋಟೊ ತೆಗೆಸಿಕೊಳ್ಳಲು. ಕೇಳಿದ್ದು ಇಂಥ ನಿಧಾನದ ಹಾಡು. ಕುಣಿಸುವಂಥದ್ದು ಬೇಕೆಂದು ಆತ ಕೂಗಾಡಿದ, ಕೊನೆಗೆ ಅವನನ್ನೇ ಹೊರಗಿಟ್ಟು ಬಾಗಿಲು ಹಾಕಬೇಕಾಯಿತು. ಕೆಲಸ ಬೆಳಗಿನ ಜಾವದವರೆಗೂ ಎಳೆಯುತ್ತದೆ. ಹೊತ್ತು ಮೀರಿ ಕೂತ ವಾದಕರಿಗೆ ಹೆಚ್ಚಿನ ಹಣ ಸಿಗಲೆಂದು ಆರ್ಮ್‌ಸ್ಟ್ರಾಂಗ್ ತನಗೆ ಸಂಗೀತಗಾರರ ಸಂಘದ ದರ 250 ಡಾಲರ್ ಸಾಕು ಎಂದಿದ್ದಾನೆ.

ಹಾಡು ‘ವಾಟ್ ಎ ವಂಡರ್‌ಫುಲ್ ವರ್ಲ್ಡ್’. ನ್ಯೂಟನ್ ಇದರ ಪ್ರಚಾರಕ್ಕೆ ಕಾಸು ಬಿಚ್ಚಲಿಲ್ಲ. ಅಮೆರಿಕದಲ್ಲಿ ಮೊದಲಿಗೆ ಸಾವಿರ ಪ್ರತಿಗಳೂ ಹೋಗಲಿಲ್ಲ. ಬ್ರಿಟನ್ನಿನಲ್ಲಿ ಮಾತ್ರ 1968ರಲ್ಲಿ ಒಂದನೇ ಸ್ಥಾನಕ್ಕೇರಿತು. ಹಾಡಿದವನು 1971ರಲ್ಲಿ ತೀರಿಕೊಂಡ. 1987ರಲ್ಲಿ ‘ಗುಡ್ ಮಾರ್ನಿಂಗ್, ವಿಯೆಟ್ನಾಂ’ ಸಿನಿಮಾದವರು ಬಳಸಿಕೊಂಡ ಮೇಲೆ ಅಮೆರಿಕದ ಕಿವಿಗೂ ಇದು ಬಿತ್ತು. ಈಗ ‘ಆರ್ಮ್‌ಸ್ಟ್ರಾಂಗ್ ಗ್ರೇಟೆಸ್ಟ್ ಹಿಟ್ಸ್’ ಎಂಬ ಹೆಸರಿನ ಹೆಚ್ಚಿನ ಸಂಕಲನಗಳಲ್ಲಿ ಈ ಹಾಡು ಎದುರಿಗೇ ಕೂತಿರುತ್ತದೆ. ಒಳ್ಳೆಯ ಹಾಡೇ. ಆದರೆ ಒಂದು ಮಾತು: ಜಾಝ್ ಲೋಕ ಕಂಡ ಅತಿ ದೊಡ್ಡ ಟ್ರಂಪೆಟ್ ವಾದಕ ಈ ಇಡೀ ಹಾಡಿನಲ್ಲಿ ಟ್ರಂಪೆಟ್ ಮುಟ್ಟುವುದೇ ಇಲ್ಲ.

ಮುಂದಿನ ಹಾಡಿಗೆ ಬನ್ನಿ. ನ್ಯೂಯಾರ್ಕ್, 1963ರ ಡಿಸೆಂಬರ್ 3. ಇನ್ನೂ ತೆರೆ ಕಾಣದ ಒಂದು ಬ್ರಾಡ್‌ವೇ ನಾಟಕದ ಪ್ರಚಾರಕ್ಕೆಂದು ಅದರ ಹಾಡನ್ನು ಆರ್ಮ್‌ಸ್ಟ್ರಾಂಗ್‌ನಿಂದ ಹಾಡಿಸುತ್ತಿದ್ದಾರೆ. ಅವನಿಗೇನೂ ಅಂಥ ಉತ್ಸಾಹವಿಲ್ಲ. ಆದರೂ ಹಾಡಿನ ಮೊದಲಲ್ಲೇ ತನ್ನ ಹೆಸರು ಸೇರಿಸುತ್ತಾನೆ, ಗಮನಿಸಿ: ಲೂಯಿ ಅಲ್ಲ, ‘ಲೂಯಿಸ್’. ನಡುವೆ ಟ್ರಂಪೆಟ್ ತುಸು ಹೊತ್ತು ಬಂದು ಹೋಗುತ್ತದೆ. ಅಷ್ಟೆ, ಎಲ್ಲರೂ ಪೆಟ್ಟಿಗೆ ಮುಚ್ಚಿ ಊರೂರು ತಿರುಗಲು ಹೊರಡುತ್ತಾರೆ. ಕೆಲವು ತಿಂಗಳ ಮೇಲೆ ಜನ ‘ಹಲೋ ಡಾಲಿ’ ಎಂದು ಕೂಗತೊಡಗಿದಾಗ ವೇದಿಕೆಯ ಮೇಲಿದ್ದ ಆರ್ಮ್‌ಸ್ಟ್ರಾಂಗ್‌ಗೆ ಅದು ಯಾವ ಹಾಡೆಂದೇ ನೆನಪಿರಲಿಲ್ಲ ಎಂದು ಬೇಸ್ ನುಡಿಸುತ್ತಿದ್ದ ಆರ್ವೆಲ್ ಶಾ ಹೇಳುತ್ತಿದ್ದ. ರೆಕಾರ್ಡು ತರಿಸಿ ತಮ್ಮದೇ ಹಾಡನ್ನು ಕೇಳಿ ಕಲಿತರಂತೆ. 1964ರ ಮೇ ತಿಂಗಳಲ್ಲಿ ಅದು ಅಮೆರಿಕದ ಪಟ್ಟಿಯಲ್ಲಿ ಒಂದನೆಯದಾಯಿತು. ಅದಕ್ಕೂ ಮುಂಚೆ 14 ವಾರ ಸತತವಾಗಿ ಆ ಸ್ಥಾನದಲ್ಲಿದ್ದವರು ಬೀಟಲ್ಸ್.

‘ಮ್ಯಾಕ್ ದ ನೈಫ್’ನಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ. 1955ರ ಸೆಪ್ಟೆಂಬರ್ 28, ನ್ಯೂಯಾರ್ಕ್, ಕೊಲಂಬಿಯಾ ಕಂಪನಿಯ ಮುದ್ರಣ, ನಿರ್ಮಾಪಕ ಜಾರ್ಜ್ ಅವಾಕಿಯನ್. ಅಲ್ಲಿ ಒಬ್ಬ ಹೆಂಗಸು ಇದ್ದಾಳೆ ನೋಡಿ: ಲೋಟೆ ಲೆನ್ಯಾ. ಬ್ರೆಕ್ಟ್‌ನ ‘ತ್ರೀಪೆನ್ನಿ ಆಪೆರಾ’ಕ್ಕೆ ಸಂಗೀತ ಕೊಟ್ಟ ಕುರ್ಟ್ ವೈಲ್‌ನ ವಿಧವೆ, 1928ರಲ್ಲಿ ಬರ್ಲಿನ್ನಿನ ಮೊದಲ ಪ್ರಯೋಗದಲ್ಲೂ ನಟಿಸಿದ್ದವಳು. ಚಾಕು ಹಿಡಿದ ಪುಂಡನ ಹಾಡು ಇದು. ಇಂಥವರನ್ನು ನ್ಯೂ ಆರ್ಲಿಯನ್ಸ್‌ನ ಬೀದಿಗಳಲ್ಲಿ ನೋಡಿಯೇ ಆರ್ಮ್‌ಸ್ಟ್ರಾಂಗ್ ಬೆಳೆದದ್ದು. ಹಾಡುತ್ತಾ ಹಾಡುತ್ತಾ ಪಾತ್ರಗಳ ಹೆಸರಿನ ನಡುವೆ ಎದುರಿಗಿರುವ ಲೆನ್ಯಾಳ ಹೆಸರನ್ನೂ ಪೋಣಿಸಿಬಿಡುತ್ತಾನೆ. ಆಮೇಲೆ ಬೇರೆಯವರು ಹಾಡಿದಾಗಲೂ ಆ ಹೆಸರು ಅಲ್ಲೇ ಉಳಿಯಿತು.

‘ಲಾ ವಿ ಆನ್ ರೋಜ್’, 1950, ಡೆಕ್ಕಾ. ಎಡಿತ್ ಪಿಯಾಫ್‌ಳ ಹಾಡು. ಇಲ್ಲಿ ಮಾತು ಬರುವ ಮೊದಲೇ ಟ್ರಂಪೆಟ್ ಇಡೀ ರಾಗವನ್ನು ಹೇಳಿ ಮುಗಿಸುತ್ತದೆ. ಸಂಕಲನದ ಈ ಭಾಗದಲ್ಲಿ ಕಿವಿಗೆ ಊಟ ಸಿಗುವುದು ಇಲ್ಲೇ.

ಸಂಕಲನಗಳು ಹೀಗೇಕೆ ಎಂಬುದಕ್ಕೆ ರಸಿಕರ ರುಚಿಯೊಂದೇ ಕಾರಣವಲ್ಲ. ‘ಡಾಲಿ’ ಮುದ್ರಿಸಿದ್ದು ಕ್ಯಾಪ್ ಎಂಬ ಕಂಪನಿ. ಡೆಕ್ಕಾ, ಕ್ಯಾಪ್, ಎಬಿಸಿ ಮೂರೂ ಒಂದೊಂದಾಗಿ ಎಂಸಿಎ ಕಂಪನಿಯ ಕೈ ಸೇರಿದವು. ಹಾಗಾಗಿ ‘ರೋಜ್’, ‘ಡಾಲಿ’, ‘ವರ್ಲ್ಡ್’ ಒಂದೇ ಡಿಸ್ಕಿನಲ್ಲಿ ಸಲೀಸಾಗಿ ಕೂರುತ್ತವೆ. ಇಪ್ಪತ್ತರ ದಶಕದ ಓಕೆ ಕಂಪನಿಯ ಮುದ್ರಣಗಳು ಕೊಲಂಬಿಯಾದ ಪಾಲು. ಅವು ಬೇರೆ ಬೀರುವಿನಲ್ಲಿ. ‘ಗ್ರೇಟೆಸ್ಟ್’ ಎಂದರೆ ಹಲವು ಬಾರಿ ‘ನಮ್ಮ ಬೀರುವಿನಲ್ಲಿ ಇದ್ದದ್ದು’ ಎಂದಷ್ಟೇ ಅರ್ಥ.

ಆ ಇನ್ನೊಂದು ಬೀರು ತೆರೆಯೋಣ, ಬನ್ನಿ.

ಷಿಕಾಗೊ, 1928ರ ಜೂನ್ 28. ಇಲ್ಲಿ ಟೇಪಿಲ್ಲ. ತಿರುಗುವ ಮೇಣದ ತಟ್ಟೆಯ ಮೇಲೆ ಮುಳ್ಳು ನೇರ ಗೀರುತ್ತದೆ. ತಪ್ಪಿದರೆ ಹೊಸ ತಟ್ಟೆ. ಸಮಯ ಮೂರು ನಿಮಿಷದ ಆಚೀಚೆ. ತಂಡದ ಹೆಸರು ‘ಹಾಟ್ ಫೈವ್’, ಎಣಿಸಿದರೆ ಆರು ಜನ! ಪಿಯಾನೊದಲ್ಲಿ ಅರ್ಲ್ ಹೈನ್ಸ್, ತಾಳಕ್ಕೆ ಝುಟಿ ಸಿಂಗಲ್ಟನ್, ಫ್ರೆಡ್ ರಾಬಿನ್ಸನ್‌ನ ಟ್ರಾಂಬೋನ್, ಜಿಮ್ಮಿ ಸ್ಟ್ರಾಂಗ್‌ನ ಕ್ಲಾರಿನೆಟ್, ಒಂದು ಬ್ಯಾಂಜೊ. ಆರ್ಮ್‌ಸ್ಟ್ರಾಂಗ್‌ಗೆ ಇನ್ನೂ 26. ನುಡಿಸಬೇಕಾದದ್ದು ಅವನ ಗುರು ಕಿಂಗ್ ಆಲಿವರ್ ರಚಿಸಿದ ‘ವೆಸ್ಟ್ ಎಂಡ್ ಬ್ಲೂಸ್’. ವೆಸ್ಟ್ ಎಂಡ್ ಎಂದರೆ ನ್ಯೂ ಆರ್ಲಿಯನ್ಸ್‌ನ ಜನ ವಿಹಾರಕ್ಕೆ ಹೋಗುತ್ತಿದ್ದ ಕೆರೆ ದಂಡೆ.

ಮುಳ್ಳು ಇಳಿಯಿತು. ಉಸಿರು ಬಿಗಿಹಿಡಿಯಿರಿ, ಏಕೆಂದರೆ ಯಾರೂ ತಾಳ ಹಾಕುತ್ತಿಲ್ಲ. ಟ್ರಂಪೆಟ್ ಒಂಟಿಯಾಗಿ ಏಳುತ್ತದೆ, ತಾಳದ ಹಂಗಿಲ್ಲದ ಆಲಾಪದ ಹಾಗೆ. ನಾಲ್ಕು ಗಟ್ಟಿ ಸ್ವರ, ಅಲ್ಲಿಂದ ಚಿಮ್ಮಿ ತುದಿ ಮುಟ್ಟಿ ಸುತ್ತು ಹಾಕುತ್ತಾ ಕೆಳಗಿಳಿಯುತ್ತದೆ. ಹನ್ನೆರಡು ಹದಿಮೂರು ಸೆಕೆಂಡು, ಅಷ್ಟೆ. ಆಮೇಲೆ ತಂಡ ಬಂದು ಸೇರುತ್ತದೆ. ಟ್ರಾಂಬೋನ್ ನುಡಿಯುವಾಗ ಝುಟಿಯ ಟಕಟಕ ಕೇಳಿ. ಕ್ಲಾರಿನೆಟ್ ಒಂದು ಸಾಲು ಹೇಳಿದರೆ ಆರ್ಮ್‌ಸ್ಟ್ರಾಂಗ್ ಟ್ರಂಪೆಟ್ ಕೆಳಗಿಟ್ಟು ಬಾಯಲ್ಲೇ ಉತ್ತರ ಕೊಡುತ್ತಾನೆ, ಒಂದು ಪದವೂ ಇಲ್ಲದೆ, ಮೆಲ್ಲಗೆ. ಮುಂದೆ ಜಗತ್ತು ಕೊಂಡಾಡಿದ ಆ ಗೊಗ್ಗರು ದನಿ ಇಲ್ಲಿ ಇನ್ನೂ ನುಣುಪಾಗಿದೆ. ಹೈನ್ಸ್‌ನ ಬೆರಳುಗಳು ಒಂದು ಸುತ್ತು ಆಡಿ ಮುಗಿಸುತ್ತವೆ.

ಈಗ ಕೊನೆಯ ಸುತ್ತು. ಟ್ರಂಪೆಟ್ ಮೇಲಿನ ಒಂದು ಸ್ವರ ಹಿಡಿಯುತ್ತದೆ. ಹಿಡಿದೇ ಇರುತ್ತದೆ. ಕೆಳಗೆ ತಾಳದ ನಾಲ್ಕು ಆವರ್ತ ಸರಿದುಹೋಗುತ್ತವೆ, ಸ್ವರ ಅಲುಗುವುದಿಲ್ಲ, ಸೊರಗುವುದಿಲ್ಲ. ಇನ್ನು ಇವನ ಎದೆಯಲ್ಲಿ ಗಾಳಿ ಉಳಿದಿರಲಾರದು ಎನ್ನಿಸುವ ಹೊತ್ತಿಗೆ ಅದೇ ಸ್ವರ ಒಡೆದು ಹನಿಹನಿಯಾಗಿ ಇಳಿಯುತ್ತದೆ. ಪಿಯಾನೊ ಎರಡು ಮಾತಾಡುತ್ತದೆ, ಟ್ರಂಪೆಟ್ ತಣ್ಣಗೆ ಮುಗಿಸುತ್ತದೆ, ಝುಟಿ ಕೊನೆಗೊಂದು ‘ಟಕ್’ ಎನ್ನುತ್ತಾನೆ. ಜಾಝ್‌ನಲ್ಲಿ ತಂಡವೇ ದೊಡ್ಡದು, ಒಬ್ಬನೇ ವಾದಕನಲ್ಲ ಎಂಬ ಹಳೆಯ ಲೆಕ್ಕ ಈ ಮೂರು ಚಿಲ್ಲರೆ ನಿಮಿಷಗಳಲ್ಲಿ ತಲೆಕೆಳಗಾಯಿತೆಂದು ನಾನು ಧೈರ್ಯವಾಗಿ ಹೇಳುತ್ತೇನೆ. 1974ರಲ್ಲಿ ಗ್ರ್ಯಾಮಿಯವರು ತಮ್ಮ ಗೌರವಪಟ್ಟಿಯ ಮೊದಲ ಕಂತಿನಲ್ಲೇ ಇದನ್ನು ಸೇರಿಸಿದರು.

ಆದ್ದರಿಂದ ಸಂಕಲನ ಕೊಳ್ಳುವವರು ಹಿಂದಿನ ರಟ್ಟಿನಲ್ಲಿ ಈ ಹೆಸರು ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಅದು ಗಾಯಕ ಆರ್ಮ್‌ಸ್ಟ್ರಾಂಗ್‌ನ ಸಂಕಲನ. ಕೇಳಿ ಸುಖಪಡಿ, ಟ್ರಂಪೆಟ್‌ಗಾಗಿ ಇನ್ನೊಂದು ಕೊಳ್ಳಿ. 1977ರಲ್ಲಿ ವಾಯೇಜರ್ ನೌಕೆಗಳಲ್ಲಿ ನಕ್ಷತ್ರಗಳತ್ತ ಕಳಿಸಿದ ಚಿನ್ನದ ಲೇಪದ ಡಿಸ್ಕೂ ಒಂದು ಸಂಕಲನವೇ. ಭೂಮಿಯ 27 ಸಂಗೀತ ತುಣುಕುಗಳಲ್ಲಿ ಆರ್ಮ್‌ಸ್ಟ್ರಾಂಗ್‌ನದೂ ಒಂದಿದೆ: 1927ರ ‘ಮೆಲಂಕಲಿ ಬ್ಲೂಸ್’. ಅದರಲ್ಲಿ ಅವನು ಹಾಡಿಲ್ಲ, ಊದಿದ್ದಾನೆ.