ಒಟಿಪಿ ಯಾರ ಫೋನಿಗೆ ಬರುತ್ತೆ?

ನಮ್ಮ ಪಕ್ಕದ ಮನೆ ಅಜ್ಜಿಗೆ ಎಡಗಾಲಿನ ಕಿರುಬೆರಳು ಇಲ್ಲ. ಆ ಬೆರಳು ಹೋಗಿದ್ದು ಸಕ್ಕರೆ ಕಾಯಿಲೆಯಿಂದ. ಆದರೆ ಅದರಲ್ಲಿ ನಾವು ಬರೆದ ಎಂಟು ಸಾಲಿನ ಸುದ್ದಿಯ ಪಾಲೂ ಸ್ವಲ್ಪ ಇದೆ. ಇದನ್ನು ಎಲ್ಲಾದರೂ ಒಂದು ಕಡೆ ಒಪ್ಪಿಕೊಳ್ಳಬೇಕು ಅಂತ ಬಹಳ ದಿನದಿಂದ ಅನ್ನಿಸುತ್ತಿತ್ತು. ಪತ್ರಿಕೆಯಲ್ಲಿ ಇಂಥದ್ದಕ್ಕೆ ಜಾಗ ಸಿಗಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ.

ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕಿನಿಂದ ನಾವು ಸುದ್ದಿ ಕಳಿಸುತ್ತೇವೆ. ತಿಂಗಳ ಸಂಬಳ ಇಲ್ಲ, ಅಚ್ಚಾದ ಸುದ್ದಿಗೆ ಇಷ್ಟು ಅಂತ ಲೆಕ್ಕ. ಹಾಗಾಗಿ ವಾಟ್ಸ್ಆ್ಯಪ್‌ನಲ್ಲಿ ಬರುವ ಪ್ರೆಸ್‌ನೋಟ್ ಅಂದರೆ ನಮಗೆ ಸುಲಭದ ಸುದ್ದಿ. ತಿದ್ದಿ, ತಲೆಬರಹ ಕೊಟ್ಟು ಕಳಿಸಿದರೆ ಮುಗೀತು. ಅವತ್ತೂ ಹಾಗೇ ಒಂದು ಬಂತು. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕ್ಯೂಆರ್ ಕೋಡ್ ಅಂಟಿಸಿದ್ದಾರೆ, ಮೊಬೈಲಿನಿಂದ ಸ್ಕ್ಯಾನ್ ಮಾಡಿದರೆ ಹೆಸರು, ವಯಸ್ಸು ಎಲ್ಲ ತಾನಾಗಿ ಹೋಗಿ ಟೋಕನ್ ನಂಬರ್ ಬರುತ್ತೆ ಅಂತ. ನಾವು ತಲೆಬರಹ ಹಾಕಿದೆವು: 'ಚೀಟಿಗೆ ಇನ್ನು ಸರದಿ ನಿಲ್ಲಬೇಕಿಲ್ಲ'.

ನಾವು ಆ ಆಸ್ಪತ್ರೆಗೆ ಹೋಗಿ ನೋಡಿರಲಿಲ್ಲ. ಡಿಪ್ಲೊಮಾ ಓದುವಾಗ ಮೇಷ್ಟ್ರು ಮೊದಲ ವಾರವೇ ಹೇಳಿದ್ದ ಪಾಠ, ಹೋಗಿ ನೋಡದೆ ಬರೀಬೇಡಿ ಅನ್ನೋದು. ಅವತ್ತು ಶೇಂಗಾ ಕೀಳುವ ಕೆಲಸ ಇತ್ತು, ಹೋಗಲಿಲ್ಲ.

ಪಕ್ಕದ ಮನೆ ಅಜ್ಜಿಗೆ ಓದಲು ಬರಲ್ಲ. ಸುದ್ದಿಯನ್ನು ನಮ್ಮ ಮನೆಯವರು ಓದಿ ಹೇಳಿದ್ದರು. ಅಜ್ಜಿಯ ಕಾಲಿನ ಕಿರುಬೆರಳಿಗೆ ಚಪ್ಪಲಿ ಉಜ್ಜಿ ಸಣ್ಣ ಗಾಯ ಆಗಿತ್ತು. ನೋವೇ ಇಲ್ಲ ಅಂತ ಅರಿಶಿನ ಹಚ್ಚಿಕೊಂಡು ಓಡಾಡುತ್ತಿದ್ದರು. ಸಕ್ಕರೆ ಕಾಯಿಲೆ ಹಳೆಯದಾದರೆ ಪಾದದ ನರ ಸತ್ತು ನೋವು ಗೊತ್ತಾಗಲ್ಲ, ಅದೇ ಅಪಾಯ. "ಕ್ಯೂ ಇಲ್ಲ ಅಂತ ನಮ್ಮ ಹುಡುಗನೇ ಬರ್ದವ್ನೆ" ಅಂತ ಅಜ್ಜಿ ಬೆಳಗಿನ ಬಸ್ಸು ಹತ್ತಿದರು.

ಅಲ್ಲಿ ಆಗಿದ್ದು ನಮಗೆ ಆಮೇಲೆ ಗೊತ್ತಾಯಿತು. ಕೈಬರಹದ ಚೀಟಿ ಕೊಡುವ ಕಿಂಡಿ ಅವತ್ತು ಮುಚ್ಚಿತ್ತು. ಸ್ಕ್ಯಾನ್ ಕಿಂಡಿಯಲ್ಲಿ ಕೂತಿದ್ದ ಹುಡುಗ, "ಆಭಾ ನಂಬರ್ ಇದೆಯಾ ಅಜ್ಜಿ? ಇಲ್ಲಾಂದ್ರೆ ಆಧಾರ್ ಕೊಡಿ, ಮಾಡ್ತೀನಿ" ಅಂದ. ಒಳ್ಳೆಯ ಹುಡುಗನೇ. ಆಧಾರ್ ನಂಬರ್ ಹಾಕಿದ. "ಒಟಿಪಿ ಬಂತಾ?" ಅಂತ ಕೇಳಿದ.

ಅಜ್ಜಿಯ ಕೈಯಲ್ಲಿದ್ದದ್ದು ಕೀಪ್ಯಾಡ್ ಫೋನು. ಅದಕ್ಕೆ ಏನೂ ಬರಲಿಲ್ಲ. ಆಧಾರ್ ಮಾಡಿಸುವಾಗ ಕೊಟ್ಟಿದ್ದು ಮೊಮ್ಮಗನ ನಂಬರ್. ಅವನು ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಸೇರಿದ ಮೇಲೆ ಆ ಸಿಮ್ ಬಿಸಾಕಿದ್ದ. ಒಟಿಪಿ ಯಾರ ಫೋನಿಗೆ ಹೋಯಿತೋ ದೇವರಿಗೇ ಗೊತ್ತು. ಹಿಂದೆ ನಿಂತವರು ಗೊಣಗಿದರು. "ನಂಬರ್ ಸರಿ ಮಾಡಿಸ್ಕೊಂಡು ಬನ್ನಿ" ಅಂದ ಹುಡುಗ. ಅಜ್ಜಿ ಮಧ್ಯಾಹ್ನದ ಬಸ್ಸಿಗೆ ವಾಪಸ್ ಬಂದರು. ಯಾರಿಗೂ ಹೇಳಲಿಲ್ಲ. ಯುಗಾದಿಗೆ ಮೊಮ್ಮಗ ಬರ್ತಾನಲ್ಲ, ಆಗ ನೋಡೋಣ ಅಂದುಕೊಂಡರು. ಹಬ್ಬಕ್ಕೆ ಇನ್ನೂ ಹದಿನೇಳು ದಿನ ಇತ್ತು.

ಹಬ್ಬದ ದಿನ ಎಣ್ಣೆ ಹಚ್ಚಲು ಕೂತಾಗ ಸೊಸೆ ನೋಡಿದರು. ಬೆರಳು ಕಪ್ಪಾಗಿತ್ತು, ವಾಸನೆ ಬರುತ್ತಿತ್ತು. ಜಿಲ್ಲಾ ಕೇಂದ್ರದಲ್ಲಿ ಬೆರಳು ತೆಗೆದರು. ನಾವು ನೋಡಲು ಹೋದಾಗ ಅಜ್ಜಿ ಬಯ್ಯಲಿಲ್ಲ. "ನೀನು ಬರ್ದಿದ್ದು ಸುಳ್ಳಲ್ಲ ಕಣಪ್ಪ. ನನ್ನ ಫೋನೇ ಸರಿ ಇರಲಿಲ್ಲ" ಅಂದರು. ಬೈದಿದ್ದರೆ ಇಷ್ಟು ದಿನ ಕಾಡುತ್ತಿರಲಿಲ್ಲವೇನೋ. ತಪ್ಪು ತನ್ನದೇ ಅಂದುಕೊಂಡು ಆ ಮುದುಕಿ ವಾಪಸ್ ಬಂದಿತ್ತಲ್ಲ, ಅದು ನಮ್ಮನ್ನು ತಿಂದಿತು.

ಆಮೇಲೆ ಕೂತು ಓದಿಕೊಂಡೆವು, ತಿಳಿದವರನ್ನು ಕೇಳಿದೆವು. ಸುದ್ದಿ ಬರೆಯುವ ಮುಂಚೆ ಮಾಡಬೇಕಿದ್ದ ಕೆಲಸ ಅದು. ನಮ್ಮೂರಲ್ಲಿ ಬಹಳ ಜನ ಗೊಂದಲ ಮಾಡಿಕೊಂಡಿರುವ ಒಂದು ವಿಷಯವನ್ನು ಇಲ್ಲೇ ಹೇಳಿಬಿಡುತ್ತೇವೆ. ಆಭಾ ಕಾರ್ಡ್ ಬೇರೆ, ಆಯುಷ್ಮಾನ್ ಕಾರ್ಡ್ ಬೇರೆ. ಆಯುಷ್ಮಾನ್ ಕಾರ್ಡ್ ಚಿಕಿತ್ಸೆಯ ಖರ್ಚಿನದು, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಆಭಾದಿಂದ ಒಂದು ರೂಪಾಯಿಯೂ ಬರಲ್ಲ. ಅದು 14 ಅಂಕಿಯ ಒಂದು ನಂಬರ್ ಅಷ್ಟೇ. ನಿಮ್ಮ ರಕ್ತ ಪರೀಕ್ಷೆ, ಔಷಧಿ ಚೀಟಿ, ಡಿಸ್ಚಾರ್ಜ್ ಪತ್ರ ಎಲ್ಲ ಆ ನಂಬರಿಗೆ ಸೇರಿಕೊಂಡು, ಯಾವ ಆಸ್ಪತ್ರೆಗೆ ಹೋದರೂ ನಿಮ್ಮ ಒಪ್ಪಿಗೆ ಮೇಲೆ ಡಾಕ್ಟರು ನೋಡಲಿ ಅಂತ ಮಾಡಿದ್ದು. 2021ರ ಸೆಪ್ಟೆಂಬರಿನಲ್ಲಿ ದೇಶಕ್ಕೆಲ್ಲ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನ ಭಾಗ. ಒಳ್ಳೆಯ ಯೋಚನೆಯೇ. ಪ್ಲಾಸ್ಟಿಕ್ ಚೀಲದಲ್ಲಿ ಹತ್ತು ವರ್ಷದ ಚೀಟಿ ತುಂಬಿಕೊಂಡು ಓಡಾಡುವ ನಮ್ಮ ಹಿರಿಯರಿಗೆ ಬೇಕಾದದ್ದೇ.

ಆದರೆ ಆಭಾ ಕಡ್ಡಾಯ ಅಲ್ಲ. ಆ ನಂಬರ್ ಇಲ್ಲ ಅಂತ ಯಾವ ಆಸ್ಪತ್ರೆಯೂ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ. ಈ ಒಂದು ಸಾಲು ನಮ್ಮ ಆ ಎಂಟು ಸಾಲಿನಲ್ಲಿ ಇರಬೇಕಿತ್ತು. ಇದ್ದಿದ್ದರೆ ಅಜ್ಜಿ ಕಿಂಡಿಯ ಮುಂದೆ ನಿಂತು, "ನಂಗೆ ಬರಿ ಚೀಟಿ ಕೊಡಪ್ಪ" ಅನ್ನುತ್ತಿದ್ದರು. ಹಾಗೆ ಅನ್ನುವ ಬಾಯಿ ಅವರಿಗೆ ಚೆನ್ನಾಗೇ ಇದೆ.

ಇನ್ನೊಂದು ರಾತ್ರಿಯ ಮಾತು ಹೇಳಬೇಕು. ಯಂತ್ರ, ಮೊಬೈಲು ಅಂದರೆ ಬಡವರಿಗೆ ತೊಂದರೆಯೇ ಅಂತ ನೀವು ಅಂದುಕೊಳ್ಳಬಾರದು.

ಅದೇ ವರ್ಷ ಮಳೆಗಾಲದಲ್ಲಿ ನಮ್ಮ ದೊಡ್ಡಪ್ಪನಿಗೆ ರಾತ್ರಿ ಹನ್ನೊಂದರ ಹೊತ್ತಿಗೆ ಎದೆ ಹಿಡಿದುಕೊಂಡಿತು. ಗ್ಯಾಸ್ ಇರಬೇಕು ಅಂತ ಸೋಡಾ ಕುಡಿಸಿದರು. ಬೆವರು ನಿಲ್ಲಲಿಲ್ಲ. 108ಕ್ಕೆ ಫೋನ್ ಮಾಡಿದೆವು. 2008ರ ನವೆಂಬರ್ 1ರಿಂದ ನಮ್ಮ ರಾಜ್ಯದಲ್ಲಿ ಓಡುತ್ತಿರುವ ಆಂಬುಲೆನ್ಸ್ ಅದು. ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಸಿಸ್ಟರ್ ಎದೆಗೆ ವೈರು ಅಂಟಿಸಿ ಇಸಿಜಿ ತೆಗೆದರು. ಅದು ಅಲ್ಲಿಂದಲೇ ದೊಡ್ಡಾಸ್ಪತ್ರೆಯ ಹೃದ್ರೋಗ ತಜ್ಞರಿಗೆ ಹೋಯಿತು. ನಾವು ಹೊರಗೆ ಬೆಂಚಿನ ಮೇಲೆ ಕೂತು ಒಂದು ಲೋಟ ಟೀ ಮುಗಿಸುವಷ್ಟರಲ್ಲಿ ಉತ್ತರ ಬಂತು. ಹಾರ್ಟ್ ಅಟ್ಯಾಕೇ. ಡ್ಯೂಟಿ ಡಾಕ್ಟರು ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು, ಬೆಳಗಾಗುವ ಮುಂಚೆಯೇ ಮುಂದಿನ ಆಸ್ಪತ್ರೆಗೆ ಕಳಿಸಿದರು. ಹೊರಗೆ ಸಾವಿರಾರು ರೂಪಾಯಿ ಬೆಲೆಯ ಆ ಇಂಜೆಕ್ಷನ್‌ಗೆ ನಮ್ಮಿಂದ ಏನೂ ತೆಗೆದುಕೊಳ್ಳಲಿಲ್ಲ.

ಇದು ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ. ತಾಲ್ಲೂಕು ಆಸ್ಪತ್ರೆಗಳನ್ನು ಜಯದೇವದಂಥ ದೊಡ್ಡ ಆಸ್ಪತ್ರೆಗಳಿಗೆ ಜೋಡಿಸಿದ್ದಾರೆ. ಇದಕ್ಕೂ ಮುಂಚೆಯೇ ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಗಾಡಿನ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ಅಲ್ಲಿನ ಡಾಕ್ಟರುಗಳು ವಾಟ್ಸ್ಆ್ಯಪ್ ಗುಂಪಿಗೆ ಇಸಿಜಿ ಹಾಕಿದರೆ ತಜ್ಞರು ನೋಡಿ ಹೇಳುವ ವ್ಯವಸ್ಥೆ ಮಾಡಿದ್ದರು. ನಾವು ಶುಭೋದಯ ಕಳಿಸುವ ಅದೇ ವಾಟ್ಸ್ಆ್ಯಪ್.

ದೊಡ್ಡಪ್ಪ ಇವತ್ತಿಗೂ ಬೆಳಿಗ್ಗೆ ಎದ್ದು ದನ ಕಟ್ಟುತ್ತಾರೆ. ಅವರ ಫೋನೂ ಕೀಪ್ಯಾಡೇ. ಆದರೆ ಆ ರಾತ್ರಿ ಅವರನ್ನು ಯಾರೂ ಒಟಿಪಿ ಕೇಳಲಿಲ್ಲ. ಅವರು ಮಲಗಿದ್ದರು, ಇಸಿಜಿ ಊರು ದಾಟಿ ಹೋಗಿ ಬಂತು.

ಅಜ್ಜಿಗೂ ದೊಡ್ಡಪ್ಪನಿಗೂ ಆದ ವ್ಯತ್ಯಾಸ ಇದೇ ಅಂತ ನಮಗೆ ಹೊಳೆದದ್ದು ಆಮೇಲೆ. ದೊಡ್ಡಪ್ಪನ ವಿಷಯದಲ್ಲಿ ತಂತ್ರಜ್ಞಾನದ ಕೆಲಸವನ್ನೆಲ್ಲ ಆಸ್ಪತ್ರೆಯವರು ಹೊತ್ತರು. ಅಜ್ಜಿಯ ವಿಷಯದಲ್ಲಿ ಆ ಕೆಲಸವನ್ನು ರೋಗಿಯ ತಲೆ ಮೇಲೆ ಹಾಕಿದರು. ಹೊಸ ಆ್ಯಪ್ ಬಂತು, ಹೊಸ ಯಂತ್ರ ಬಂತು ಅಂದಾಗ ನಾವೆಲ್ಲ ಕೇಳಬೇಕಾದ ಪ್ರಶ್ನೆ ಒಂದೇ: ಇದರಲ್ಲಿ ಗುಂಡಿ ಒತ್ತುವವರು ಯಾರು?

ಇದನ್ನು ನಮಗಿಂತ ಚೆನ್ನಾಗಿ ತಿಳಿದವರು ನಮ್ಮೂರ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ, ನಾವೆಲ್ಲ ಸಿಎಚ್‌ಒ ಮೇಡಂ ಅನ್ನುವವರು. ಅಜ್ಜಿ ಊರಿಗೆ ಬಂದ ಮೇಲೆ ಡ್ರೆಸಿಂಗ್ ಮಾಡಿದ್ದು ಅವರೇ. ಇ-ಸಂಜೀವಿನಿ ಅಂತ ಸರ್ಕಾರದ ವ್ಯವಸ್ಥೆ ಒಂದಿದೆ, 2019ರಲ್ಲಿ ಶುರುವಾಗಿದ್ದು. ಹಳ್ಳಿಯ ಉಪಕೇಂದ್ರದಿಂದಲೇ ದೂರದ ಡಾಕ್ಟರ ಜೊತೆ ವಿಡಿಯೊದಲ್ಲಿ ಮಾತಾಡಬಹುದು. ಮೇಡಂ ಅಜ್ಜಿಯ ಕೈಗೆ ಫೋನು ಕೊಡಲೇ ಇಲ್ಲ. ಸಕ್ಕರೆ ಪ್ರಮಾಣ, ಬಿಪಿ, ಗಾಯದ ಫೋಟೊ ಎಲ್ಲ ತಾವೇ ಹಾಕಿದರು. ಸಿಗ್ನಲ್ ಎರಡು ಕಡ್ಡಿ ಸಿಗುವುದು ಕಿಟಕಿ ಪಕ್ಕ ಮಾತ್ರ, ಅದಕ್ಕೆ ಅಜ್ಜಿಯ ಕುರ್ಚಿಯನ್ನೇ ಅಲ್ಲಿಗೆ ಎಳೆದರು. ಅಜ್ಜಿ ಪರದೆಯಲ್ಲಿದ್ದ ಡಾಕ್ಟರಿಗೆ ಕೈ ಮುಗಿದು, "ಊಟ ಆಯ್ತಾ ಸಾರ್" ಅಂತ ಕೇಳಿ, ಆಮೇಲೆ ಕಾಲು ತೋರಿಸಿದರು. ನೆಟ್‌ವರ್ಕ್ ಇಲ್ಲದ ದಿನ ಮೇಡಂ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ನೇರ ಫೋನ್ ಮಾಡುತ್ತಿದ್ದರು. ಗಾಯ ಮಾಗಿತು.

ನಾವು ಮತ್ತೆ ಆ ಆಸ್ಪತ್ರೆಗೆ ಹೋದೆವು, ಈ ಸಲ ಬೆಳಿಗ್ಗೆ ಒಂಬತ್ತಕ್ಕೆ, ಸರದಿಯಲ್ಲೇ ನಿಂತೆವು. ಫೋನಿದ್ದವರಿಗೆ ನಿಜವಾಗಿಯೂ ಬೇಗ ಟೋಕನ್ ಸಿಗುತ್ತಿತ್ತು. ಅದನ್ನೂ ಬರೆದೆವು. ಕೀಪ್ಯಾಡ್ ಫೋನಿನ ಹಿರಿಯರು ಗೋಡೆಗೆ ಒರಗಿ ಕೂತಿದ್ದರು. ಅದನ್ನೂ ಬರೆದೆವು. ಅಲ್ಲಿನ ವೈದ್ಯಾಧಿಕಾರಿಯನ್ನು ಕೇಳಿದಾಗ, "ಕಡ್ಡಾಯ ಅಲ್ಲ, ಚೀಟಿ ಕಿಂಡಿ ತೆಗೆಸುತ್ತೇನೆ" ಅಂದರು. ಮುಂದಿನ ವಾರ ಕಿಂಡಿ ತೆರೆದಿತ್ತು. 'ಆಭಾ ಇಲ್ಲದವರಿಗೆ ಇಲ್ಲಿ ಚೀಟಿ' ಅಂತ ಕೈಬರಹದ ಕಾಗದ ಅಂಟಿಸಿದ್ದರು. ಸುದ್ದಿ ಐದನೇ ಪುಟದಲ್ಲಿ ಸಣ್ಣದಾಗಿ ಬಂತು.

ಅದನ್ನು ಅಜ್ಜಿಗೆ ನಾವೇ ಓದಿ ಹೇಳಿದೆವು. ಪೂರ್ತಿ ಕೇಳಿ, "ಬೆರಳು ಹೋದ ಮೇಲೆ ಬರ್ದೆ. ಇರ್ಲಿ ಬಿಡು, ಇನ್ನೂ ಒಂಬತ್ತು ಅವೆ" ಅಂದರು.

ನಿಮ್ಮಲ್ಲಿ ಒಂದು ಮನವಿ. ಇವತ್ತು ರಾತ್ರಿ ಊಟ ಆದ ಮೇಲೆ ಮನೆಯ ಹಿರಿಯರ ಆಧಾರ್ ತೆಗೆದು, ಅದಕ್ಕೆ ಯಾವ ಫೋನ್ ನಂಬರ್ ಜೋಡಿಸಿದೆ ನೋಡಿ. ಆ ಸಿಮ್ ಈಗ ಇಲ್ಲದಿದ್ದರೆ ಹಿರಿಯರನ್ನೇ ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಬದಲಿಸಿ. ಊರಲ್ಲೇ ಇರುವವರ ನಂಬರ್ ಕೊಡಿ, ಬೆಂಗಳೂರಿನಲ್ಲಿ ಇರುವವರದ್ದು ಬೇಡ. ಒಟಿಪಿಯನ್ನು ಎದುರಿಗೆ ಕೂತ ಆಸ್ಪತ್ರೆ ಸಿಬ್ಬಂದಿಗೆ ಬಿಟ್ಟು, ಫೋನ್ ಮಾಡಿ ಕೇಳುವ ಯಾರಿಗೂ ಹೇಳಬೇಡಿ. ಸಕ್ಕರೆ ಕಾಯಿಲೆ ಇದ್ದರೆ ಅವರ ಪಾದವನ್ನೂ ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಆರೋಗ್ಯದ ಮಾಹಿತಿ, ಸಲಹೆಗೆ 104, ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416, ತುರ್ತಿಗೆ 108. ಈ ಮೂರನ್ನೂ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ.

ಅಜ್ಜಿಯ ಮನೆ ಗೋಡೆಯ ಮೇಲೆ ಇದ್ದಿಲಿನಲ್ಲಿ ನಾವೇ ಬರೆದುಕೊಟ್ಟಿದ್ದೇವೆ. ಕೆಳಗೆ ನಮ್ಮ ನಂಬರನ್ನೂ ಬರೆಸಿಕೊಂಡರು. ಅವರ ಆಧಾರಿಗೆ ಈಗ ಸೇರಿಸಿರುವುದೂ ಅದನ್ನೇ.